ದೀಪ ಹಚ್ಚಿದ ಮೇಲೆ ಹೆಪ್ಪು

ಹೋದ ವಾರ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಮೇಲಿನ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಸದ್ದುಗಳ ವಿಷಯದಲ್ಲಿ ನನ್ನನ್ನು ನಂಬುವ ಹಾಗಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಸಿಲಿಂಡರ್ ಸಿಡಿಯಿತೆಂದುಕೊಳ್ಳುವವಳು, ಮನೆಯವರು ಬಚ್ಚಲಲ್ಲಿ ತುಸು ಹೆಚ್ಚು ಹೊತ್ತು ಇದ್ದರೆ ಹೊರಗಿನಿಂದ ಬಾಗಿಲು ಬಡಿಯುವವಳು ನಾನು. ಹಾಗಾಗಿ ಮೊದಲನೆಯ ಸದ್ದಿಗೆ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಎರಡನೆಯದರ ಜೊತೆ ಒಂದು ಹೆಣ್ಣುದನಿ ಬಂತು. ಬಂದದ್ದು ಅರ್ಧಕ್ಕೇ ನಿಂತಿತು, ಯಾರೋ ಬಾಯಿ ಒತ್ತಿಹಿಡಿದಂತೆ.

ಆಗ ನನ್ನ ಕೈ ನನ್ನನ್ನು ಕೇಳದೆಯೇ ಕಪಾಟಿನ ಹಿಂದಿನ ಸಾಲಿಗೆ ಹೋಗಿ ಒಂದು ಬಟ್ಟಲನ್ನು ಎಳೆದು ತಂದಿತು. ಅಂಚು ನೆಗ್ಗಿದ ಸ್ಟೀಲಿನ ಬಟ್ಟಲು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಹುಳಿ ಮೊಸರಿನ ವಾಸನೆ. ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ ಎಂದು ನಮ್ಮ ಮನೆಯವರ ವಾದ. ಇರಬಹುದು. ನನ್ನ ಮೂಗಿಗೆ ಹಿಡಿದಿರಬೇಕು.

ಬಟ್ಟಲಿನ ಮೇಲೆ ಒಂದು ಹೆಸರು ಕೊರೆದಿದೆ. ಅದು ಬಟ್ಟಲಿನ ಒಡತಿಯದಲ್ಲ, ಆಕೆಯ ಗಂಡನದು. ತವರಿನಿಂದ ಬಂದ ಪಾತ್ರೆಯ ಮೇಲೂ ಗಂಡನ ಹೆಸರನ್ನೇ ಕೊರೆಸುತ್ತಿದ್ದ ಕಾಲ. ಆಕೆಗೆ ಹೆಸರೊಂದು ಇದ್ದೇ ಇತ್ತು, ಆದರೆ ದಾಂಡೇಲಿಯ ನಮ್ಮ ಚಾಳಿನಲ್ಲಿ ಆಕೆ ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ.

ಆ ಚಾಳು ಕಾಗದ ಕಾರ್ಖಾನೆಯ ಕೆಲಸಗಾರರಿಗಾಗಿ ಯಾರೋ ಸಾಹುಕಾರ ಕಟ್ಟಿಸಿ ಬಾಡಿಗೆಗೆ ಬಿಟ್ಟದ್ದು. ಒಂದೇ ಉದ್ದ ಗೋಡೆಯನ್ನು ಕಡಿದು ಕಡಿದು ಮನೆ ಮಾಡಿದ ಹಾಗಿತ್ತು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನುತ್ತಿದ್ದರು. ನಾನು ಧಾರವಾಡದ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದೆ. ಮೊದಮೊದಲು ಕಾರ್ಖಾನೆಯ ವಾಸನೆಗೆ ಹೆದರಿದೆ, ಆಮೇಲೆ ಗೋಡೆಯಾಚೆಯ ಸದ್ದುಗಳಿಗೆ ಹೆದರಿದೆ.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊರಗೆ ಕೊಡುವುದಿಲ್ಲ. ಲಕ್ಷ್ಮಿ ಎದ್ದು ಹೋಗುತ್ತಾಳೆ. ಕೇಳುವುದೂ ತಪ್ಪು. ಗೊತ್ತಿದ್ದವರು ಯಾರೂ ಕೇಳುವುದಿಲ್ಲ. ಕಾಕು ಮಾತ್ರ ಸರಿಯಾಗಿ ದೀಪ ಹಚ್ಚಿದ ಮೇಲೆಯೇ ಬಟ್ಟಲು ಹಿಡಿದು ಹೊರಡುತ್ತಿದ್ದರು. ಯಾವ ಮನೆಯಲ್ಲಿ ಹೆಂಗಸಿನ ಮೇಲೆ ಕೈ ಏಳುತ್ತಿತ್ತೋ ಆ ಮನೆಯ ಹೊಸ್ತಿಲಿಗೆ.

"ಒಂದೀಟು ಹೆಪ್ಪು ಕೊಡವಾ ತಂಗಿ."

ಅಷ್ಟೇ. ಒಳಗೆ ನಡೆಯುತ್ತಿದ್ದುದರ ಬಗ್ಗೆ ಒಂದು ಮಾತಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಿರಿಯ ಹೆಂಗಸು ಬಾಗಿಲಲ್ಲಿ ಖಾಲಿ ಬಟ್ಟಲು ಹಿಡಿದು ನಿಂತರೆ ಬೆಲ್ಟು ಹಿಡಿದ ಗಂಡಸು ಏನು ಮಾಡಬೇಕು? ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ, ಬೈದರೆ ಚಾಳೆಲ್ಲ ಹೊರಗೆ ಬರುತ್ತದೆ. ಹೆಪ್ಪು ಎಲ್ಲಿದೆ ಎಂದು ಅವನಿಗೆ ಗೊತ್ತೂ ಇರುವುದಿಲ್ಲ. ಕೊನೆಗೆ ಹೆಂಡತಿಯೇ ಎದ್ದು ಬರಬೇಕು. ಆಕೆ ಚಮಚದಲ್ಲಿ ಹೆಪ್ಪು ಹಾಕುವಾಗ ಕಾಕು ಮೆಲ್ಲಗೆ ಆಕೆಯ ಮುಂಗೈ ಹಿಡಿಯುತ್ತಿದ್ದರು. ಹಿಡಿದವರು ಬಿಡುತ್ತಿರಲಿಲ್ಲ. "ಮೊಣಕಾಲು ನೋಯ್ತಾವವಾ" ಎಂದು ಹೊಸ್ತಿಲಲ್ಲೇ ಕುಳಿತು ಆಕೆಯನ್ನೂ ಕೂರಿಸಿ, ಅವನ ಉಸಿರು ಇಳಿಯುವ ತನಕ ಬದನೆಕಾಯಿ ಬಗ್ಗೆ, ಸಂತೆಯ ಬಗ್ಗೆ ಮಾತಾಡುತ್ತಿದ್ದರು.

ಒಮ್ಮೆ ನಮ್ಮ ಮನೆಗೂ ಬಂದಿದ್ದರು. ನಮ್ಮವರು ಬಚ್ಚಲಿಗೆ ನುಗ್ಗಿದ ಹೆಗ್ಗಣವನ್ನು ಕಸಬರಿಗೆಯಿಂದ ಹೊಡೆಯುತ್ತಿದ್ದರು. ನಾನು ಸ್ಟೂಲಿನ ಮೇಲೆ ನಿಂತು ಚೀರುತ್ತಿದ್ದೆ. ಬಾಗಿಲಲ್ಲಿ ಬಟ್ಟಲು ಕಂಡಿತು. ಹೆಗ್ಗಣ ಕಾಕುವಿನ ಕಾಲ ನಡುವಿನಿಂದಲೇ ಪಾರಾಯಿತು. ನಮ್ಮವರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಖರೇನs ಹೆಗ್ಗಣರೀ ಕಾಕು" ಎಂದು ಮತ್ತೆ ಮತ್ತೆ ಹೇಳಿದರು. ಕಾಕು ನನ್ನ ಕೆನ್ನೆ, ಕುತ್ತಿಗೆಯನ್ನೆಲ್ಲ ಕಣ್ಣಲ್ಲೇ ತಡವಿ ನೋಡಿ, "ಇರ್ಲಿ ಬಿಡಪಾ, ಬಂದೀನಲ್ಲ, ಹೆಪ್ಪರ ಕೊಡು" ಅಂದರು.

ಯಾಕೆ ಹೀಗೆ ಹೊರಡುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಮುಂದಿನ ಎರಡು ಹಲ್ಲು ಇಲ್ಲದ ಬಾಯಲ್ಲಿ ನಕ್ಕರು.

"ನನ್ನ ಮನೀಗೆ ಯಾರೂ ಹೆಪ್ಪು ಕೇಳಾಕ ಬರಲಿಲ್ಲ ನೋಡು."

ಬಟ್ಟಲಿನ ಮೇಲೆ ಹೆಸರಿದ್ದ ಆ ಗಂಡ ಅಷ್ಟು ಹೊತ್ತಿಗೆ ಸತ್ತು ಬಹಳ ವರ್ಷವಾಗಿತ್ತು...

ಮೂಲೆಯ ಮನೆಗೆ ಮುಂಡಗೋಡ ಕಡೆಯ ಹುಡುಗಿಯೊಬ್ಬಳು ಮದುವೆಯಾಗಿ ಬಂದಳು. ಗಂಡ ಚಾಳಿನ ಮರ್ಯಾದಸ್ಥ. ಗಣಪತಿ ಕೂರಿಸುವಾಗ ಮುಂದಾಳು, ನನ್ನನ್ನು ಕಂಡರೆ "ಆರಾಮರೀ ವೈನಿ?" ಎಂದು ಅತ್ತಿಗೆಗೆ ಕೊಡುವ ಮರ್ಯಾದೆ ಕೊಟ್ಟು ತಲೆ ತಗ್ಗಿಸಿ ಕೇಳುವವನು. ಗುತ್ತಿಗೆ ಕೂಲಿಗಳ ಮೇಲಿನ ಮೇಸ್ತ್ರಿ. ಕಾಕುವಿನ ಮಗ ಅವನ ಕೈಕೆಳಗೇ ಕೆಲಸಕ್ಕಿದ್ದ.

ಅವನು ಹೊಡೆಯಲು ಕಾರಣ ಬೇಕಿರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ಉಪ್ಪಿನದೇ ಕಾರಣ, ಸರಿಯಾಗಿದ್ದ ದಿನ ಯಾರಿಂದ ಕಲಿತೆ ಎಂಬ ಕಾರಣ. ಹುಡುಗಿ ಬಿಟ್ಟ ಪಿಯುಸಿ ಪರೀಕ್ಷೆ ಕಟ್ಟುತ್ತೇನೆ ಅಂದ ದಿನ ಆಕೆಯ ಬೆರಳುಗಳನ್ನು ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಹಾಕಿದ. ಊದಿಕೊಂಡ ಆ ಬೆರಳುಗಳಿಂದಲೇ ಆಕೆ ಮರುದಿನ ರೊಟ್ಟಿ ಬಡಿದಳು. ತಟ್ಟುವ ಸದ್ದು ತಪ್ಪಿ ತಪ್ಪಿ ಬರುತ್ತಿದ್ದುದನ್ನು ಚಾಳಿನ ಹೆಂಗಸರೆಲ್ಲ ತಮ್ಮ ತಮ್ಮ ಒಲೆಯ ಮುಂದೆ ಕುಳಿತು ಕೇಳಿದೆವು.

ಕಾಕು ಆ ಹೊಸ್ತಿಲಿಗೆ ಎಷ್ಟು ಸಲ ಹೋದರೋ. ಒಂದು ಸಂಜೆ ಅವನೇ ಬಾಗಿಲು ತೆರೆದ. ನಾನು ನಮ್ಮ ಕಟ್ಟೆಯ ಮೇಲೆ ನಿಂತಿದ್ದೆ.

"ದಿನಾ ಹೆಪ್ಪು ಯಾಕ ಕಾಕು? ಹಾಲs ಒಯ್ರಿ" ಅಂದ. ದನಿ ಎಷ್ಟು ಮೆತ್ತಗಿತ್ತೆಂದರೆ ಅವನಿಗೆ ಬುದ್ಧಿ ಬಂತು ಅಂದುಕೊಂಡೆ. ಒಳಗೆ ಹೋದ. ಸ್ಟೋವಿನ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನು ಪಂಚೆಯ ತುದಿಯಲ್ಲಿ ಹಿಡಿದು ತಂದ. ಕಾಕು ಬಟ್ಟಲು ಮುಂದೆ ಚಾಚಿದ್ದರು. ಅವನು ಇಡೀ ಪಾತ್ರೆಯನ್ನು ಅವರ ಮೇಲೆ ಬೋರಲು ಹಾಕಿದ.

ಕಾಕು ಕೂಗಲಿಲ್ಲ. ಕೂಗಿದ್ದು ಒಳಗಿದ್ದ ಹುಡುಗಿ, ಮತ್ತು ನಾನು. ಬಟ್ಟಲು ಕಲ್ಲಿಗೆ ಬಡಿದು ಉರುಳುತ್ತ ಗಟಾರದ ತನಕ ಹೋಯಿತು. ಬಲಗೈ, ಕುತ್ತಿಗೆ, ಎದೆಯ ಮೇಲ್ಭಾಗದ ಚರ್ಮ ನಮ್ಮ ಕಣ್ಣೆದುರೇ ಬೆಳ್ಳಗಾಗಿ ಕೆನೆಯ ಹಾಗೆ ಸುಕ್ಕುಗಟ್ಟಿತು. ಆಮೇಲೆ ಬಹಳ ದಿನ ನಾನು ಹಾಲು ಕಾಯಿಸುವಾಗ ಕೆನೆ ನೋಡುತ್ತಿರಲಿಲ್ಲ...

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ಮಗ ತಾಯಿಗಿಂತ ಮೊದಲು ಬಾಯಿ ಹಾಕಿದ. "ಹಾಲು ಉಕ್ಕಿತ್ರಿ ಸರ್." ಅವನಿಗೂ ಮರುದಿನ ಮೇಸ್ತ್ರಿಯ ಮುಖ ನೋಡುವುದಿತ್ತು. ಕಾಕು ಮಲಗಿದಲ್ಲಿಂದಲೇ ಹೇಳಿದರು.

"ಹಾಲು ಉಕ್ಕಿದ್ರ ಒಲಿ ಆರತೈತಿ. ಎದಿಗೆ ಹಾರಂಗಿಲ್ಲ. ಆ ಮೂಲಿ ಮನ್ಯಾಂವ ಸುರುವ್ಯಾನ. ಬರ್ಕೋರಿ."

ಪೊಲೀಸರು ಅವನನ್ನು ಕರೆದೊಯ್ದರು. ಚಾಳಿನ ಹಿರಿಯರು ಹೋಗಿ ಬಿಡಿಸಿಕೊಂಡು ಬಂದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದ ಕಾಕುವಿನ ಮುಂದೆ ಕುಳಿತು ಬುದ್ಧಿ ಹೇಳಿದ್ದೂ ಅವರೇ. "ಗಂಡ ಹೆಂಡ್ತಿ ಜಗಳ ಉಂಡು ಮಲಗೂತನಕ. ನಡುವ ನೀವ್ಯಾಕ ಹೋಗಬೇಕಿತ್ತರೀ?"

"ಉಣ್ಣಾಕ ಆಕೀ ಬಾಯಿ ಉಳೀಬೇಕಲ್ಲಪಾ" ಅಂದರು ಕಾಕು.

ಹುಡುಗಿ ಅಷ್ಟರಲ್ಲಿ ಮುಂಡಗೋಡದ ಬಸ್ಸು ಹತ್ತಿ ತವರಿಗೆ ಹೋಗಿದ್ದಳು. ಚಾಳಿಗೆ ಚಾಳೇ ನಿಟ್ಟುಸಿರು ಬಿಟ್ಟಿತು. ನಾನು ಮಾತ್ರ, ರೂಢಿಯಂತೆ, ಬಸ್ಸು ಪಲ್ಟಿಯಾಗಿದ್ದರೆ ಎಂದು ಚಿಂತಿಸಿದೆ. ಬಸ್ಸಿಗೆ ಏನೂ ಆಗಿರಲಿಲ್ಲ. ಮುಂದೆ ಬಂದ ಹಬ್ಬ ಮುಗಿಯುತ್ತಲೇ ಅಣ್ಣ ಆಕೆಯನ್ನು ಅದೇ ಬಸ್ಸಿನಲ್ಲಿ ತಂದು ಬಿಟ್ಟುಹೋದ. ಆಕೆ ಹಸಿರು ಸೀರೆ ಉಟ್ಟಿದ್ದಳು, ಉಡಿ ತುಂಬ ಅಕ್ಕಿ, ಕೊಬ್ಬರಿ, ಕುಬಸದ ಖಣ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬುದನ್ನು ಇಷ್ಟು ಚೆಂದವಾಗಿ ಹೇಳುವ ರೀತಿ ನಮ್ಮಲ್ಲಿ ಇನ್ನೊಂದಿಲ್ಲ.

ಅದಾದ ಮೇಲೆ ಆ ಮನೆಯಿಂದ ಸದ್ದು ಬರುವುದೇ ನಿಂತಿತು. ಅವನು ರೇಡಿಯೋ ಜೋರಾಗಿ ಹಚ್ಚುತ್ತಿದ್ದ.

ಒಂದು ದಿನ ಮುಸ್ಸಂಜೆ ರೇಡಿಯೋ ನಡುವೆ ಗೋಡೆಗೆ ಏನೋ ಬಡಿಯತೊಡಗಿತು. ಮೆತ್ತನೆಯ ಸದ್ದು, ಒಂದೇ ಸಮನೆ. ಕಾಕು ಎಡಗೈಯಲ್ಲಿ ಬಟ್ಟಲು ಹಿಡಿದು ಹೊರಟರು. ಬಾಗಿಲು ಒಳಗಿನಿಂದ ಹಾಕಿತ್ತು.

"ಒಂದೀಟು ಹೆಪ್ಪು ಕೊಡವಾ ತಂಗಿ."

ಮತ್ತೆ ಕೇಳಿದರು. ಗೋಡೆಗೆ ಬಡಿಯುವುದು ನಿಲ್ಲಲಿಲ್ಲ. ಕಾಕು ತಿರುಗಿ ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರಿಗೆ, "ಬಾಗಲಾ ಒಡೀರಿ" ಅಂದರು. "ಮಂದಿ ಮನೀ ಬಾಗಲಾ ಹೆಂಗ ಒಡಿಯೂದ್ರಿ ಕಾಕು?" ಎಂದ ಒಬ್ಬ.

"ಹಂಗಾರ ಬಳಿ ಕೊಡ್ತೇನಿ, ಇಟ್ಕೊಂಡು ಕೂಡ್ರಿ" ಎಂದವರು ತಟ್ಟನೆ ತಡೆದು ತಮ್ಮ ಬಳೆಯಿಲ್ಲದ ಬರಿಯ ಮುಂಗೈ ನೋಡಿಕೊಂಡರು. "ಬ್ಯಾಡ. ಬಳಿ ಇಟ್ಟವರs ಒಡೀತಾರ. ಒನಕಿ ತರ್ರೇ."

ಒನಕೆ ಬಂತು. ಯಾರ ಮನೆಯದೋ ನೆನಪಿಲ್ಲ. ಹಿಡಿದವರಲ್ಲಿ ಹಿಂದಿನ ತುದಿಗೆ ನಾನಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಇಷ್ಟೇ: ಬಾಗಿಲು ಸಾಹುಕಾರನದು, ಮನೆ ಖಾಲಿ ಮಾಡಿಸುತ್ತಾನೆ, ಈ ಮಳೆಯಲ್ಲಿ ಸಾಮಾನು ಎಲ್ಲಿಗೆ ಒಯ್ಯುವುದು... ಕೈ ಮಾತ್ರ ಒನಕೆಯ ಜೊತೆ ಹಿಂದೆ ಮುಂದೆ ಹೋಗುತ್ತಿತ್ತು. ಅಗುಳಿ ಸೀಳಿ ಬಾಗಿಲು ಒಳಕ್ಕೆ ಬಿತ್ತು.

ಅವನು ಹುಡುಗಿಯ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಗೋಡೆಯ ಮೇಲೆ ತಲೆಯೆತ್ತರಕ್ಕೆ ಒಂದು ಕೆಂಪು ಕಲೆ, ಕುಂಕುಮದ ಕೈ ಒರೆಸಿದ ಹಾಗೆ. ನಾವು ಒಳಗೆ ಬಂದ ಮೇಲೂ ಅವನ ಕೈ ಇನ್ನೊಮ್ಮೆ ಆಕೆಯ ತಲೆಯನ್ನು ಗೋಡೆಗೆ ಬಡಿಯಿತು, ಶುರು ಮಾಡಿದ ಕೆಲಸ ಮುಗಿಸುವವನಂತೆ. ಕಾಕು ಬಟ್ಟಲಿನಿಂದಲೇ ಅವನ ಹುಬ್ಬಿನ ಮೇಲೆ ಹೊಡೆದರು. ಆಮೇಲೆ ಯಾರು ಎಲ್ಲಿ ಹೊಡೆದರೋ ಹೇಳಲಾರೆ. ಪೊಲೀಸರು ಬರುವ ಹೊತ್ತಿಗೆ ಅವನು ಮೂಲೆಯಲ್ಲಿ ಕುಳಿತು "ವೈನಿ, ಬಿಡ್ರಿ ವೈನಿ" ಎನ್ನುತ್ತಿದ್ದ. ಒನಕೆ ಆಗ ನನ್ನೊಬ್ಬಳ ಕೈಯಲ್ಲಿತ್ತು. ಅದನ್ನು ಕೆಳಗಿಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಈ ಸಲ ಹಿರಿಯರು ಬಿಡಿಸಲು ಹೋಗಲಿಲ್ಲ. ಹೆಂಗಸರೆಲ್ಲ ಠಾಣೆಯಲ್ಲೂ ಕೋರ್ಟಿನಲ್ಲೂ ಕಂಡದ್ದನ್ನು ಕಂಡ ಹಾಗೆ ಹೇಳಿದೆವು. ಹುಡುಗಿಯನ್ನು ಕರೆದೊಯ್ಯಲು ತವರಿನವರು ಬಂದರು, ಕಾಕು ಕಳಿಸಲಿಲ್ಲ. "ಮತ್ತ ಉಡಿ ತುಂಬೋ ದಗದಾ ಬ್ಯಾಡ ನಿಮಗ" ಎಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೇಸ್ತ್ರಿಯನ್ನು ಜೈಲಿಗೆ ಕಳಿಸಿದ್ದಕ್ಕೆ ಕಾಕುವಿನ ಮಗನ ಕೆಲಸ ಹೋಯಿತು. ಅವನು ಹಳಿಯಾಳದಲ್ಲಿ ಟೆಂಪೋ ಓಡಿಸತೊಡಗಿದ, ಕೆಲವು ಕಾಲ ತಾಯಿಯ ಜೊತೆ ಮಾತು ಬಿಟ್ಟಿದ್ದ. ಹುಡುಗಿ ಪಿಯುಸಿ ಕಟ್ಟಿದಳು. ಈಗ ಕುಂಬಾರವಾಡದ ಕಡೆ ಒಂದು ಹಾಸ್ಟೆಲಿನಲ್ಲಿ ಅಡಿಗೆ ನೋಡಿಕೊಳ್ಳುತ್ತಾಳೆ. ಒಂದು ಕಿವಿ ಕೇಳುವುದಿಲ್ಲ. "ಛಲೋನs ಆತು ಅಕ್ಕಾ, ತವರಮನೀ ಫೋನ್ ಬಂದ್ರ ಆ ಕಿವಿಗೆ ಹಿಡೀತೇನಿ" ಎಂದು ನಗುತ್ತಾಳೆ.

ನಾವು ದಾಂಡೇಲಿ ಬಿಟ್ಟು ಹಳಿಯಾಳಕ್ಕೆ ಬರುವಾಗ ಕಾಕು ಬಟ್ಟಲನ್ನು ನನ್ನ ಚೀಲದಲ್ಲಿ ತುರುಕಿದರು. ನನಗ್ಯಾಕೆ, ನನ್ನಂಥ ಪುಕ್ಕಲಿಗೆ ಎಂದೆ.

"ಹೆದರೋರ ಕಿವಿ ಚುರುಕಿರತಾವ. ಇಟ್ಕೋ."

ಅವರು ತೀರಿಕೊಂಡಾಗ ಮೀಯಿಸಿದ ಹೆಂಗಸರಲ್ಲಿ ನಾನೂ ಇದ್ದೆ. ಸುಟ್ಟ ಬಲಗೈಯ ಬೆರಳುಗಳು ಅರ್ಧ ಮಡಿಚಿಯೇ ಇದ್ದವು. ಬಿಡಿಸಲು ನೋಡಿದೆವು, ಆಗಲಿಲ್ಲ. ಬಟ್ಟಲು ಹಿಡಿದ ಕೈಯ ಹಾಗೆ... ಹಾಗೆಯೇ ಕಳಿಸಿದೆವು.

ಆ ಬಟ್ಟಲು ಹಿಡಿದು ಹೋದ ವಾರ ನಾನು ಮೆಟ್ಟಿಲು ಹತ್ತಿದೆ. ಹತ್ತುವ ಮೊದಲು ಪೊಲೀಸರ ನಂಬರಿಗೆ ಫೋನು ಮಾಡಿ ವಿಳಾಸ ಹೇಳಿದೆ. ಕಾಕುವಿಗಿಲ್ಲದ ಅನುಕೂಲ, ಪುಕ್ಕಲರಿಗೆ ಹೇಳಿ ಮಾಡಿಸಿದ್ದು. ಬೆಲ್ ಒತ್ತಿದೆ. ಬಾಗಿಲು ತೆರೆದವನು ಇಸ್ತ್ರಿ ಅಂಗಿಯ ಯುವಕ, ದಿನವೂ ನನಗೆ ನಮಸ್ಕಾರ ಮಾಡುವವನು.

"ಒಂದೀಟು ಹೆಪ್ಪು ಬೇಕಿತ್ತಪಾ."

ಅವನು ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಏನೂ ಅನ್ನಿಸಲಿಲ್ಲ. "ಕೆಳಗ ಅಂಗಡ್ಯಾಗ ಮೊಸರಿನ ಪ್ಯಾಕೆಟ್ ಸಿಗತೈತಲ್ರಿ ಆಂಟಿ" ಎಂದು ಬಾಗಿಲು ಹಾಕಿಕೊಂಡ.

ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದೆಂದು ಗೊತ್ತಿದ್ದವನಿಗಲ್ಲವೇ ಕೇಳಿದಾಗ ನಾಚಿಕೆಯಾಗುವುದು? ಗೊತ್ತೇ ಇಲ್ಲದವನ ಮುಂದೆ ನಾನು ಮೊಸರಿಲ್ಲದ ಮುದುಕಿ, ಅಷ್ಟೇ. ಒಳಗೆ ಮತ್ತೆ ಸದ್ದಾಯಿತು. ನಾನು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಬಟ್ಟಲನ್ನು ಬಡಿಯತೊಡಗಿದೆ. ಅಸಹ್ಯ ಸದ್ದು. ಕೆಳಗಿನ ಬಾಗಿಲು ತೆರೆಯಿತು, ಎದುರಿನದು ತೆರೆಯಿತು. "ಏನಾತ್ರಿ?" ಎಂದರು ಯಾರೋ. "ಹೆಪ್ಪು ಬೇಕಾಗೇತಿ" ಎಂದು ಕೂಗಿದೆ. ನನಗೆ ಹುಚ್ಚು ಹಿಡಿಯಿತೆಂದು ಅವರು ತಿಳಿದಿರಬೇಕು. ಬಡಿಯುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಬಾಗಿಲು ತೆರೆದದ್ದು ಅವಳು. ಜೊಯಿಡಾ ಕಡೆಯ ಹುಡುಗಿ. ತುಟಿ ಸೀಳಿತ್ತು, ಗದ್ದದಿಂದ ಇಳಿದ ರಕ್ತವನ್ನು ದುಪಟ್ಟಾದಿಂದ ಒತ್ತಿಕೊಂಡಿದ್ದಳು. ಅವನು ಬೆನ್ನಿಗೇ ನಿಂತಿದ್ದ.

"ಹೆಪ್ಪು ಇಲ್ಲ ಆಂಟಿ" ಅಂದಳು. "ನಾವು ಪ್ಯಾಕೆಟ್ ತರ್ತೇವೆ."

ನಾನು ಅವಳ ಮುಂಗೈ ಹಿಡಿದೆ. ಹಿಡಿದು ಹೊಸ್ತಿಲಲ್ಲೇ ಕುಳಿತೆ. ಮೊಣಕಾಲು ನಿಜವಾಗಿಯೇ ನೋಯುತ್ತಿತ್ತು. ಅವಳೂ ಕುಳಿತಳು. ಇನ್ನು ಬದನೆಕಾಯಿಯ ಬಗ್ಗೆಯೋ ಸಂತೆಯ ಬಗ್ಗೆಯೋ ಏನಾದರೂ ಹೇಳಬೇಕು. ಕಾಕು ಮಾತು ಎಲ್ಲಿಂದ ಶುರು ಮಾಡುತ್ತಿದ್ದರು? ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಕೇಳೋಣವೆಂದರೆ ಅವರಿಲ್ಲ. ಪೊಲೀಸರ ಜೀಪು ಬರುವ ತನಕ ನಾನು ಒಂದು ಮಾತೂ ಆಡಲಿಲ್ಲ, ಕೈಯನ್ನೂ ಬಿಡಲಿಲ್ಲ.