ಎಡ ಮೂಲೆಯ ನಾಗೇಶ

ಕಬಡ್ಡಿಯಲ್ಲಿ ರೈಡ್ ಹೋಗಿ ಗೆದ್ದು ಬಂದವನಿಗೆ ಶಿಳ್ಳೆ, ಚಪ್ಪಾಳೆ, ಮೈಕಿನಲ್ಲಿ ಹೆಸರು. ಮೂಲೆಯಲ್ಲಿ ಬಗ್ಗಿ ನಿಂತು ಅವನ ಕಾಲಿಗೆ ಬೀಳುವವನಿಗೆ ಮೊಣಕೈ ಮೊಣಕಾಲಿನ ತುಂಬ ತರಚು ಗಾಯ. ಇದು ಚೆನ್ನಾಗಿ ಗೊತ್ತಿದ್ದೂ ನಾಗೇಶ ಮೀಸೆ ಮೂಡಿದಾಗಿನಿಂದ ತಲೆ ನರೆಯುವ ತನಕ ಎಡ ಮೂಲೆಯನ್ನು ಬಿಟ್ಟು ಬೇರೆಲ್ಲೂ ನಿಲ್ಲಲಿಲ್ಲ.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ದಾರಿಯಲ್ಲಿ ಅವನ ಊರು. ಅಪ್ಪ ಚಿಕ್ಕಬೀರಪ್ಪನಿಗೆ ಒಂದಿಷ್ಟು ಮೆಕ್ಕೆಜೋಳದ ಹೊಲ, ಒಂದು ಹಿಂಡು ಕುರಿ. ಔಷಧಿ ಕುಡಿಸುವಾಗ, ಉಣ್ಣೆ ಕತ್ತರಿಸುವಾಗ ಹಿಂಡಿನೊಳಗೆ ನುಗ್ಗಿ, ದಿಕ್ಕೆಟ್ಟು ಓಡುವ ಕುರಿಯ ಹಿಂಗಾಲು ಹಿಡಿಯುವ ಕೆಲಸ ನಾಗೇಶನದು. ಅದನ್ನು ಒಂದು ದಿನ ನಿಂತು ನೋಡಿದವನು ದೊಡ್ಡಪ್ಪನ ಮಗ ಮಹಾಂತೇಶ. ನಾಗೇಶನಿಗಿಂತ ಸ್ವಲ್ಪ ದೊಡ್ಡವನು, ಊರ ತಂಡದ ರೈಡರ್, ನಡೆದರೂ ಕುಣಿದಂತೆ ಕಾಣುವ ಆಳು.

“ಲೇ ನಾಗ್ಯಾ, ಕುರಿ ಹಿಡಿದಂಗ ನನ್ನ ಹಿಡಿ ನೋಡೂಣು” ಎಂದು ಸವಾಲು ಹಾಕಿ ಮಹಾಂತೇಶ ಹಟ್ಟಿಯ ಮುಂದಿನ ಬಯಲಿನಲ್ಲಿ ಆಚೀಚೆ ಜಿಗಿದ. ನಾಗೇಶ ಅವನ ಕಣ್ಣು ನೋಡಲಿಲ್ಲ, ಕೈ ನೋಡಲಿಲ್ಲ. ಹಿಮ್ಮಡಿ ನೋಡುತ್ತ ನಿಂತಿದ್ದವನು ಒಮ್ಮೆಲೇ ಬಿದ್ದು ಹಿಡಿದ. ಮಹಾಂತೇಶ ಮೂತಿ ಕೆಳಗಾಗಿ ಮಣ್ಣು ಮುಕ್ಕಿದ. ಎದ್ದವನೇ ಉಗುಳಿ, ನಕ್ಕು, “ನೀ ಮೂಲ್ಯಾಗ ನಿಂದ್ರು. ಉಳಿದದ್ದು ನಾ ನೋಡ್ಕೋತೀನಿ” ಎಂದ.

ಹಾಗೆ ಮೂರು ನಾಲ್ಕು ವರ್ಷ ಆಡಿದರು. ಮಹಾಂತೇಶ ತಂದ ಅಂಕಗಳನ್ನು ನಾಗೇಶ ಕಾದುಕೊಂಡ. ಆಮೇಲೆ ಸೊಸೈಟಿ ಚುನಾವಣೆ ಬಂದು ಊರು ಎರಡು ಹೋಳಾಯಿತು, ತಂಡವೂ ಆಯಿತು. ಮಹಾಂತೇಶ ಟ್ರ್ಯಾಕ್ಟರ್ ಹಿಡಿದು ಉಳುಮೆಗೆ ಇಳಿದ. ನಾಗೇಶನಿಗೆ ಮಾತ್ರ ಸಂಜೆಯಾದರೆ ಅಂಗೈ ತುರಿಸುತ್ತಿತ್ತು. ಕರೆದವರ ಹಿಂದೆ ಹೊರಟ.

ಮೊದಲು ಶಿಕಾರಿಪುರದ ಎಪಿಎಂಸಿ ಹಮಾಲರ ತಂಡ. ಅಲ್ಲಿಂದ ಶಿವಮೊಗ್ಗದ ಒಂದು ಕ್ಲಬ್ಬು. ಅವರು ಎರಡು ವರ್ಷ ಆಡಿಸಿ, ಕಾಲೇಜು ಹುಡುಗನೊಬ್ಬ ಸಿಕ್ಕ ಮೇಲೆ ಫೋನು ಎತ್ತುವುದನ್ನು ಬಿಟ್ಟರು. ಆಮೇಲೆ ದಾವಣಗೆರೆ. ಅಲ್ಲಿ ದೊಡ್ಡ ಲೀಗಿಗೆ ಹುಡುಗರನ್ನು ಆರಿಸುತ್ತಾರೆಂಬ ಸುದ್ದಿಯಿತ್ತು. ಇಡೀ ಸೀಸನ್ನು ನಾಗೇಶ ಶೂ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತ. ಕೊನೆಯ ಪಂದ್ಯ ಮುಗಿದ ದಿನ ಕೋಚ್ ಶಾಂತವೀರಪ್ಪನವರು ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನಿನ್ನಾಗ ತಪ್ಪಿಲ್ಲೋ ನಾಗೇಶ. ಆದ್ರ ನಿನ್ನಂಗ ಹಿಡಿಯೋರು ನನ್ಹತ್ರ ಇನ್ನೂ ನಾಕು ಮಂದಿ ಅದಾರ. ಅವರು ನಿನಗಿಂತ ಗೇಣು ಎತ್ತರ ಅದಾರ, ಏನ್ ಮಾಡ್ಲಿ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾಗೇಶ “ಆತ್ರೀ ಸರ್” ಎಂದು ಬಸ್ಸು ಹತ್ತಿದ.

ಅಷ್ಟರಲ್ಲಿ ಮದುವೆಯಾಗಿತ್ತು. ಹೆಂಡತಿ ಸಂಗೀತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೊಂದು ವರ್ಷ ಒಂದೊಂದು ಬಣ್ಣದ ಜರ್ಸಿ ಬಡಿಯುತ್ತಿದ್ದಳು. ಒಂದರ ಬೆನ್ನಿನ ಮೇಲೆ ಗೊಬ್ಬರದಂಗಡಿಯ ಹೆಸರು, ಇನ್ನೊಂದರ ಮೇಲೆ ಮೊಬೈಲ್ ಅಂಗಡಿಯದು. ಅವನ ಹೆಸರು ಯಾವುದರ ಮೇಲೂ ಇರಲಿಲ್ಲ.

“ಈ ಸಲ ಯಾವೂರ ಆಳಾಗಿ ಬಂದ್ರಿ?” ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಒಳಗೆ ಮಾತ್ರ ಎಲ್ಲೋ ಚುಚ್ಚುತ್ತಿತ್ತು.

ಕೊನೆಗೆ ಅವನನ್ನು ಹಿಡಿದು ನಿಲ್ಲಿಸಿದ್ದು ಸೊರಬ ಕಡೆಯ ಕುಪ್ಪಗಡ್ಡೆ. ಅಲ್ಲಿನ ತಂಡದ ನಾಯಕ ತೀರ್ಥೇಶ್ ಗದ್ದೆ ಕೆಲಸದವನು, ಬಲ ಮೂಲೆಗೆ ನಿಲ್ಲುತ್ತಿದ್ದ. ಬೈಕಿನಲ್ಲಿ ಹುಡುಕಿಕೊಂಡು ಬಂದು, “ನೋಡು ಮಾರಾಯ, ನಮ್ಮಲ್ಲಿ ರೈಡ್ ಹೋಗೋರು ಬೇಕಾದಷ್ಟಿದಾರೆ. ನಿಂತು ಹಿಡಿಯೋರೇ ಇಲ್ಲ. ನೀನು ಬಂದ್ರೆ ನಮಗೆ ಧೈರ್ಯ” ಎಂದ. ಧೈರ್ಯ ಎಂಬ ಮಾತನ್ನು ಯಾವ ತಂಡದವರೂ ಅವನಿಗೆ ಹೇಳಿರಲಿಲ್ಲ. ನಾಗೇಶ ಅಲ್ಲೇ ಒಪ್ಪಿಕೊಂಡ. ಆ ತಂಡದಲ್ಲಿ ಉಳಿದಷ್ಟು ಕಾಲ ಅವನು ಬೇರೆಲ್ಲೂ ಉಳಿಯಲಿಲ್ಲ.

ಅದರ ಮೂರನೆಯ ವರ್ಷ ಮಹಾಂತೇಶ ಊರ ತಂಡವನ್ನು ಮತ್ತೆ ಕಟ್ಟಿದ. ಎರಡೂ ಪಾರ್ಟಿಯವರ ಕಾಲು ಹಿಡಿದು, ಜಗಳ ಮರೆಸಿ, ಹುಡುಗರನ್ನು ಕೂಡಿಸಿ ನಾಗೇಶನ ಮನೆಗೆ ಬಂದ.

“ಹೊಸಬಾಳ್ಯಾಗ ಟೂರ್ನಮೆಂಟ್ ಐತಿ. ಎಡ ಮೂಲಿ ಖಾಲಿ ಇಟ್ಟೀನಿ. ಬಾ.”

“ಅಣ್ಣ, ಕುಪ್ಪಗಡ್ಡೆಯವರಿಗೆ ಮಾತು ಕೊಟ್ಟೀನಿ. ಹೆಸರೂ ಬರಸ್ಯಾರ.”

“ಊರಿಗಿಂತ ಅವರು ಹೆಚ್ಚೇನೋ?”

“ಹೆಚ್ಚು ಕಡಿಮಿ ಅಲ್ಲಣ್ಣ. ಊರಾಗ ತಂಡ ಇಲ್ದಾಗ ಅವರು ಕರದ್ರು. ಮುಂದಿನ ವರ್ಷ ಬರ್ತೀನಿ, ನಮ್ಮ ಬೀರಪ್ಪ ದೇವರಾಣಿ.”

ಮಹಾಂತೇಶ ಮುಖ ಗಂಟಿಕ್ಕಲಿಲ್ಲ. “ಆತು, ಮುಂದಿನ ವರ್ಷ” ಎಂದು ಚಹಾ ಕುಡಿದು ಹೋದ.

ಹೊಸಬಾಳೆಯ ಆ ಪಂದ್ಯಾವಳಿಯಲ್ಲಿ ಫೈನಲ್ಲಿಗೆ ಬಂದ ತಂಡಗಳು ಎರಡು: ಕುಪ್ಪಗಡ್ಡೆ, ಮತ್ತು ನಾಗೇಶನ ಊರು. ಊರಿಗೆ ಊರೇ ಟ್ರ್ಯಾಕ್ಟರ್ ಏರಿ ಬಂದಿತ್ತು. ಚಿಕ್ಕಬೀರಪ್ಪ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಮಹಾಂತೇಶನ ತಾಯಿ ಗುತ್ಯಮ್ಮ.

ಅಂಕ ಸಮ ಸಮ ಬಂದು ನಿಂತವು. ಕೊನೆಯ ರೈಡ್. ಮಹಾಂತೇಶ ಬಂದ. ಒಬ್ಬನನ್ನು ಮುಟ್ಟಿ ನಡುಗೆರೆ ಸೇರಿದರೆ ಗೆಲುವು ಊರಿಗೆ, ಸಿಕ್ಕಿಬಿದ್ದರೆ ಕುಪ್ಪಗಡ್ಡೆಗೆ. ಅವನು ಬಲ ಮೂಲೆಯ ತೀರ್ಥೇಶನ ಕಡೆ ಹೋಗುವಂತೆ ಮಾಡಿ, ಗಿರಕ್ಕನೆ ತಿರುಗಿ ನಾಗೇಶನ ಕಡೆ ಕಾಲು ಚಾಚಿದ. ಕಾಲು ನಾಗೇಶನ ಕೈಬೆರಳಿಗೆ ತಾಗಿತು. ತಾಗಿದ್ದೇ ತಡ, ಇನ್ನೊಂದು ಹಿಮ್ಮಡಿ ನಾಗೇಶನ ಎರಡೂ ಕೈಯೊಳಗೆ ಇತ್ತು.

ಬಿಟ್ಟುಬಿಡಬಹುದಿತ್ತೇ ಎಂದು ಆಮೇಲೆ ಅವನು ಎಷ್ಟು ಸಲ ಕೇಳಿಕೊಂಡನೋ. ಆಗ ಕೇಳಿಕೊಳ್ಳಲು ಹೊತ್ತೇ ಇರಲಿಲ್ಲ. ಹಿಡಿದದ್ದು ಯಾರನ್ನು ಎಂದು ತಲೆಗೆ ಹೊಳೆಯುವಷ್ಟರಲ್ಲಿ ತೀರ್ಥೇಶ್ ಬಂದು ಮೇಲೆ ಬಿದ್ದಿದ್ದ, ಸೀಟಿ ಊದಿಯಾಗಿತ್ತು. ಮೊದಲ ಬಾರಿಗೆ ಮೈಕಿನಲ್ಲಿ ನಾಗೇಶನ ಹೆಸರು ಬಂತು. ಒಂದಲ್ಲ, ಐದಾರು ಸಲ. ಅವನು ಗುಂಪಿನ ಕಡೆ ನೋಡಿದ. ಅಪ್ಪ ಎದ್ದು ಟ್ರ್ಯಾಕ್ಟರಿನ ಕಡೆ ನಡೆಯುತ್ತಿದ್ದ.

ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಊರಿನವರು ಸುಮ್ಮನಾದರು, ಅಷ್ಟೆ. ಮಹಾಂತೇಶ ಮಾತು ಬಿಟ್ಟ. ಮುಂದಿನ ವರ್ಷ ಊರ ತಂಡದಿಂದ ಕರೆ ಬರಲಿಲ್ಲ; ಅದರ ಮುಂದಿನ ವರ್ಷವೂ. ಒಂದೇ ಓಣಿಯಲ್ಲಿ ಎದುರಾದರೆ ಮಹಾಂತೇಶ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದ. ನಾಗೇಶ ಒಂದೆರಡು ಸಲ “ಅಣ್ಣ” ಎಂದ. ಆಮೇಲೆ ಅವನೂ ಸೋತ. ಎಂದಾದರೊಂದು ದಿನ, ಯಾವುದಾದರೂ ಮದುವೆಯಲ್ಲಿ, ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ ಸರಿಹೋದೀತು ಎಂದುಕೊಂಡ.

ಕಾಲ ಸರಿಯಿತು. ಊರೂರಿಗೆ ಮ್ಯಾಟು ಬಂತು. ಮಣ್ಣಿನಲ್ಲಿ ಬೇರೂರಿ ನಿಲ್ಲುತ್ತಿದ್ದ ನಾಗೇಶನ ಕಾಲಿಗೆ ಆ ರಬ್ಬರಿನ ನೆಲ ಕೊನೆಗೂ ಒಗ್ಗಲಿಲ್ಲ. ಮಂಡಿ ಊದಿಕೊಳ್ಳತೊಡಗಿತು. ಒಂದು ದಿನ ತೀರ್ಥೇಶನೇ ಮನೆಗೆ ಬಂದು, ಕೂತು, ಸಂಗೀತ ಕೊಟ್ಟ ನೀರು ಕುಡಿದು, ಬಹಳ ಹೊತ್ತು ಮಳೆಯ ಮಾತಾಡಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಈ ವರ್ಷ ಹುಡುಗರನ್ನ ಹಾಕಣ ಅಂತಿದಾರೆ ಮಾರಾಯ. ನಾನೂ ಬಿಟ್ಟೆ” ಎಂದ. ನಾಗೇಶನಿಗೆ ಅರ್ಥವಾಯಿತು. ತಾನೂ ಬಿಟ್ಟೆನೆಂದು ತೀರ್ಥೇಶ್ ಹೇಳಿದ್ದು ಸುಳ್ಳೆಂದೂ ಗೊತ್ತಾಯಿತು. ಅಂಥ ಸುಳ್ಳು ಹೇಳಲು ಅಷ್ಟು ದೂರ ಬಂದವನ ಮೇಲೆ ಸಿಟ್ಟು ಬರಲಿಲ್ಲ.

ಅದೇ ಸುಗ್ಗಿಯಲ್ಲಿ ಮಹಾಂತೇಶ ತೀರಿಕೊಂಡ. ಶಿಕಾರಿಪುರದಿಂದ ಬೈಕಿನಲ್ಲಿ ಬರುವಾಗ, ಕತ್ತಲಾಗುವ ಹೊತ್ತಿಗೆ, ಲೈಟಿಲ್ಲದೆ ರಸ್ತೆ ಬದಿಗೆ ನಿಲ್ಲಿಸಿದ್ದ ಮೆಕ್ಕೆಜೋಳದ ಟ್ರೇಲರಿಗೆ ಗುದ್ದಿದ್ದ. ಮಾತು ಬಿಟ್ಟರೂ ಸೂತಕ ಬಿಡುವುದಿಲ್ಲ. ನಾಗೇಶ ಅಣ್ಣತಮ್ಮಂದಿರ ಜೊತೆ ಹೆಗಲು ಕೊಟ್ಟ, ಮಣ್ಣು ಹಾಕಿದ, ತಲೆ ಬೋಳಿಸಿಕೊಂಡ. ಗುತ್ಯಮ್ಮನ ಎದುರಿಗೆ ಹೋಗಿ ನಿಲ್ಲುವ ಧೈರ್ಯ ಮಾತ್ರ ಆಗಲಿಲ್ಲ.

ವರ್ಷ ತುಂಬಿದಾಗ ಊರ ಹುಡುಗರು ಮಹಾಂತೇಶನ ಹೆಸರಿನಲ್ಲಿ ಪಂದ್ಯಾವಳಿ ಇಟ್ಟರು. ಶಿವಮೊಗ್ಗದಿಂದ ಮ್ಯಾಟು ತರಿಸಿದರು. ನಾಗೇಶನಿಗೆ ಗೆರೆ ಕಾಯುವ ಕೆಲಸ ಕೊಟ್ಟರು. ಬಾವುಟ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಸೆಮಿಫೈನಲ್ಲಿನ ನಡುವೆ ಊರ ತಂಡದ ಎಡ ಮೂಲೆಯ ಹುಡುಗ ಭುಜ ಉಳುಕಿಸಿಕೊಂಡು ಹೊರಬಿದ್ದ. ಬದಲಿಗೆ ಇದ್ದವನಿಗೂ ಆಗಲೇ ಪೆಟ್ಟಾಗಿತ್ತು. ನಾಯಕ ಕರಿಯಣ್ಣ ಅತ್ತಿತ್ತ ನೋಡಿ ನಾಗೇಶನ ಬಳಿಗೆ ಓಡಿ ಬಂದ.

“ಕಾಕಾ, ನಿಂದ್ರತೀರೇನು? ಬ್ಯಾರೆ ಯಾರೂ ಇಲ್ಲ.”

ಬೇರೆ ಯಾರೂ ಇಲ್ಲದ್ದಕ್ಕೆ ಕರೆದದ್ದು. ಆದರೂ ಕರೆದದ್ದು ಊರು. ನಾಗೇಶ ಬಾವುಟ ಕೆಳಗಿಟ್ಟು, ಹುಡುಗ ಬಿಚ್ಚಿಕೊಟ್ಟ ಬೆವರಿನ ಜರ್ಸಿ ತೊಟ್ಟ. ಎದೆಯ ಮೇಲೆ ಮಹಾಂತೇಶನ ಫೋಟೋ ಅಚ್ಚಾಗಿತ್ತು.

ಎದುರಿನ ರೈಡರ್ ಇಪ್ಪತ್ತರ ಆಸುಪಾಸಿನವನು. ನಾಗೇಶ ಹಿಮ್ಮಡಿ ನೋಡುತ್ತ ನಿಂತ. ಹೊತ್ತು ಸರಿಯಾಗಿತ್ತು, ಬಿದ್ದದ್ದೂ ಸರಿಯಾಗಿತ್ತು, ಹಿಮ್ಮಡಿ ಕೈಗೂ ಬಂತು. ಆದರೆ ಮಂಡಿ ಮ್ಯಾಟಿನ ಮೇಲೆ ಜಾರಿತು. ಹುಡುಗ ಅವನನ್ನು ಚೀಲದಂತೆ ದರದರ ಎಳೆದುಕೊಂಡು ನಡುಗೆರೆ ದಾಟಿದ. ನಾಗೇಶ ಎದ್ದು ಹೊರಗೆ ಹೋಗಿ ಕೂತ. ಊರು ಸೋತಿತು. “ಇರ್ಲಿ ಬಿಡ್ರಿ ಕಾಕಾ” ಎಂದ ಕರಿಯಣ್ಣ. ಹಿಂದೆ ಗೆದ್ದಾಗ ಸುಮ್ಮನಾಗಿದ್ದ ಊರು, ಈಗ ಸೋತಾಗ ಸಮಾಧಾನ ಹೇಳಿತು. ಅದನ್ನು ಸಹಿಸುವುದೇ ಕಷ್ಟವಾಯಿತು.

ಸಂಜೆ ಗುತ್ಯಮ್ಮ ಹೇಳಿ ಕಳಿಸಿದಳು. ಹೋಗದೆ ವಿಧಿಯಿರಲಿಲ್ಲ. ಪಡಸಾಲೆಯಲ್ಲಿ ಮಹಾಂತೇಶನ ಹೆಂಡತಿ ಮೀನಾ ತಟ್ಟೆ ಇಟ್ಟು ಒಳಗೆ ಸರಿದಳು. ರೊಟ್ಟಿ, ಕಾಳು ಪಲ್ಯ. ಗುತ್ಯಮ್ಮ ಎದುರಿಗೆ ಕೂತಳು.

“ಉಣ್ಣು.”

ನಾಗೇಶ ಕೈಯಿಡಲಿಲ್ಲ. “ದೊಡ್ಡವ್ವ, ಅಣ್ಣ ನನ್ನ ಬಗ್ಗೆ ಯಾವಾಗರ ಏನರ ಅಂದಿದ್ನೇನು?”

ಅವಳು ಸುಳ್ಳು ಹೇಳಬಹುದಿತ್ತು. “ಇಲ್ಲಪ. ನಿನ್ನ ಹೆಸರು ಎತ್ತಿದ್ದು ನಾ ಕೇಳಿಲ್ಲ” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, “ಅವತ್ತು ಹೊಸಬಾಳ್ಯಾಗ ನಿನಗ ಹಿಡಿ ಮಣ್ಣು ತೂರಿ ಶಾಪ ಹಾಕಿದ್ದೆ ಮನಸಿನ್ಯಾಗ. ಈಗ ದಿನಾ ಒಂದ ಅನಸ್ತತಿ. ಆ ರಸ್ತ್ಯಾಗೂ ಯಾರರ ಅವನ್ನ ಹಂಗ ಹಿಡಿದು ನಿಲ್ಲಿಸಿದ್ದರ...” ಎಂದಳು.

ನಾಗೇಶ ತುತ್ತು ಮುರಿದ, ಬಾಯಿಗೆ ಇಡಲಾಗಲಿಲ್ಲ. ಅವಳು ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿ, ಅವನು ಉಣ್ಣುವ ತನಕ ಏಳಲಿಲ್ಲ.

ಆ ಪಂದ್ಯಾವಳಿ ಮರುವರ್ಷ ನಡೆಯಲಿಲ್ಲ, ಹುಡುಗರು ಚದುರಿದರು. ನಾಗೇಶ ಈಗ ಕುರಿ ಹಿಂದೆ ಹೋಗುತ್ತಾನೆ, ಮಂಡಿ ನೋವಿನ ದಿನ ಹೊಲದಲ್ಲಿ ಕೂರುತ್ತಾನೆ. ಗುತ್ಯಮ್ಮನ ಕಣ್ಣಿಗೆ ಪೊರೆ ಬಂದ ಮೇಲೆ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದೊಯ್ಯುವವನು ಅವನೇ. ಬೈಕನ್ನು ನಿಧಾನವಾಗಿ ಬಿಡುತ್ತಾನೆ. ಟ್ರೇಲರ್ ನಿಂತಿದ್ದ ಆ ಜಾಗ ಹತ್ತಿರ ಬಂದಾಗ ಅವಳು ಮಂಜಾದ ಕಣ್ಣನ್ನು ಆಚೆ ತಿರುಗಿಸಿ ಅವನ ಹೆಗಲನ್ನು ಗಟ್ಟಿ ಹಿಡಿಯುತ್ತಾಳೆ. ದಾಟಿದ ಮೇಲೂ ಬಿಡುವುದಿಲ್ಲ.