ಮನೆಯಲ್ಲಿ ಮತದಾರರು ಎಷ್ಟು ಜನ?

ತೈವಾನಿನ ಕಾವ್‌ಷಿಯುಂಗ್ ನಗರದ ಚಿಯೆನ್ ಯೂ-ಲಾನ್ ಅವರ ಕೆಲಸ ಅಪರಿಚಿತರ ಮನೆಗಳಿಗೆ ಫೋನ್ ಮಾಡಿ, ಅಧ್ಯಕ್ಷ ಚುನಾವಣೆಯಲ್ಲಿ ಮತ ಯಾರಿಗೆ ಎಂದು ಕೇಳುವುದು. ಫೋನ್ ಎತ್ತಿದವರನ್ನೇ ಕೇಳುವಂತಿಲ್ಲ. ಮನೆಯ ಮತದಾರರಲ್ಲಿ ಒಬ್ಬರನ್ನು ಕಂಪ್ಯೂಟರ್ ಆರಿಸುತ್ತದೆ, ಅವರೇ ಉತ್ತರಿಸಬೇಕು.

ಈ ಸಲದ ಫಲಿತಾಂಶ ಅವರಿಗೂ ಬೇಕಾಗಿತ್ತು. ಗಂಡ ಕುವೊ-ತುಂಗ್ ಜಲಸಂಧಿಯಾಚೆ, ಚೀನಾದ ಷಿಯಾಮೆನ್‌ನಲ್ಲಿ ಶೂ ಕಾರ್ಖಾನೆಯ ಮೇಸ್ತ್ರಿ. ಚೀನಾದೆದುರು ಸೆಟೆದು ನಿಲ್ಲುವ ಅಭ್ಯರ್ಥಿ ಗೆದ್ದರೆ ಕಾರ್ಖಾನೆ ಮುಚ್ಚಿ ತೈವಾನಿನವರನ್ನೆಲ್ಲ ಊರಿಗೆ ವಾಪಸ್ ಕಳಿಸುವುದಾಗಿ ಮಾಲೀಕ ಹೇಳಿದ್ದ.

"ಯಾರು ಗೆಲ್ತಾರಪ್ಪಾ?" ಎಂದು ಯೂ-ಲಾನ್ ತಮ್ಮ ಸಮೀಕ್ಷಾ ಕಚೇರಿಯ ಮೇಲ್ವಿಚಾರಕ ಆ-ಹುಂಗ್‌ನನ್ನು ಕೇಳಿದರು.

"ಅಕ್ಕಾ, ಅದು ಗೊತ್ತಿದ್ದಿದ್ರೆ ನಾನಿಲ್ಲಿ ತಣ್ಣಗಾದ ಡಬ್ಬಿ ಊಟ ತಿಂತಾ ಕೂತಿರ್ತಿದ್ನಾ? ದಿನಕ್ಕೊಬ್ರು ಮುಂದೆ ಇರ್ತಾರೆ."

ರಜೆಯ ದಿನ ಅವರ ಮನೆಯ ಫೋನೇ ಬಡಿದುಕೊಂಡಿತು. ಬೇರೆ ಸಂಸ್ಥೆಯೊಂದರ ಸಮೀಕ್ಷೆ. ಎಳೆ ದನಿಯ ಹುಡುಗಿ.

"ಮನೇಲಿ ಮತದಾರರು ಎಷ್ಟು ಜನ, ಆಂಟಿ?"

ಒಬ್ಬಳೇ ಎಂದಿದ್ದರೆ ಪ್ರಶ್ನೆಗಳೆಲ್ಲ ಅವರಿಗೇ ಬರುತ್ತಿದ್ದವು. ಎಷ್ಟೋ ದಿನಗಳಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

"ಇಬ್ರು. ನಾನು, ನಮ್ಮ ಯಜಮಾನ್ರು," ಎಂದರು.

"ಕಂಪ್ಯೂಟರ್ ಯಜಮಾನ್ರನ್ನ ಆರಿಸಿದೆ, ಅವರ ಹತ್ರಾನೇ ಮಾತಾಡ್ಬೇಕು. ಇದಾರಾ?"

"ಈಗ ಇಲ್ಲಮ್ಮಾ."

"ಯಾವಾಗ ಬರ್ತಾರೆ?"

"ಅದನ್ನ ನಿಮ್ಮ ಸಮೀಕ್ಷೆನೇ ಹೇಳ್ಬೇಕು."

ಹುಡುಗಿಗೆ ಅರ್ಥವಾಗಲಿಲ್ಲ. "ಸರಿ ಆಂಟಿ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟಳು.

ಯೂ-ಲಾನ್ ತಾವೂ ದಿನಾ ಹೇಳುವ ಮಾತದು. ಹಾಗೆ ಹೇಳಿದ ಮನೆಗೆ ಮತ್ತೆ ಯಾರೂ ಫೋನ್ ಮಾಡುವುದಿಲ್ಲ. ಅದು ಗೊತ್ತಿದ್ದೂ ಅವರು ಆ ಸಂಜೆ ಹೊರಗೆ ಹೋಗಲಿಲ್ಲ.