ಕುರ್ಚಿಯ ಬಲಕ್ಕೆ ಎರಡಡಿ

ಊರಿಗಾಂನ ಹಳೇ ಗಣಿ ಕಂಪನಿ ಮನೆಯ ನೆಲದ ಮೇಲೆ ಆರುಮುಗಂ ಸೀಮೆಸುಣ್ಣದಲ್ಲಿ ಹಲ್ಲಿನ ಆಸ್ಪತ್ರೆ ಬರೆಯುತ್ತಿದ್ದರು. ಟೈಲ್ಸ್ ಹಾಕಿಬಿಟ್ಟರೆ ಕೆಳಗಿನ ನೀರಿನ ಪೈಪು ಕದಲಿಸುವಂತಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲು ನಿಜ ಅಳತೆಯಲ್ಲಿ ಬರೆದು, ಒಳಗೆ ಓಡಾಡಿ ನೋಡುವುದು ಅವರ ಪದ್ಧತಿ. ಇಪ್ಪತ್ತು ವರ್ಷ ಚಿನ್ನದ ಗಣಿಗಿಳಿದವರು. ಗಣಿ ಮುಚ್ಚಿದ ಮೇಲೆ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬಂದು ಟೈಲ್ಸ್ ಕೆಲಸ ಕಲಿತವರು. ಈಗ ಎದೆಯಲ್ಲಿ ಕೂತ ಗಣಿ ಧೂಳು ರೈಲಿನ ಮೆಟ್ಟಿಲನ್ನೂ ಹತ್ತಗೊಡುತ್ತಿರಲಿಲ್ಲ.

"ನೂಲಿನ ಆ ತುದಿ ಇಡ್ಕೊ ತಾಯಿ," ಎಂದರು. "ಹೊರಗೋಗೋ ದಾರಿ ಮೊದ್ಲು ಬರೀಬೇಕು. ಗಣೀಲಿ ಅಂಗೇ ಕಲ್ತಿದ್ದು."

ಡಾಕ್ಟರ್ ಚಂದನ ಒಂದು ಕೈಯಲ್ಲಿ ನೂಲು ಹಿಡಿದಳು, ಕಂಕುಳಲ್ಲಿ ಏಳು ತಿಂಗಳ ಮಗಳು ಲಿಖಿತ. ರಾತ್ರಿಯೆಲ್ಲ ಕೂತು ಮಾಡಿದ ನಕ್ಷೆ ಅವಳದು. ಎರಡು ಕುರ್ಚಿ, ಬಳಸಿದ ಸಾಮಾನು ಹೋಗುವ ದಾರಿ ಬೇರೆ, ತೊಳೆದು ಬೇಯಿಸಿದ್ದು ಬರುವ ದಾರಿ ಬೇರೆ. ಕಿಟಕಿ ಕಡೆಯ ಕುರ್ಚಿಗೆ ಅಂಟಿದಂತೆ ಅಡ್ಡಗೋಡೆ, ಅದರಾಚೆ ತೊಟ್ಟಿಲಿಗೊಂದು ಪುಟ್ಟ ಕೋಣೆ, ಅದರ ಹಿಂದೆ ಉಪಕರಣಗಳಿಗೆ ಗಾಳಿ ಒತ್ತುವ ಮೆಷಿನ್ನು. ಮಗುವಿಗೆ ಒಮ್ಮೆ ಜ್ವರದಲ್ಲಿ ಸೆಳೆತ ಬಂದಿತ್ತು. ಅಂದಿನಿಂದ ಅದು ಕೂಗಳತೆಯಲ್ಲಿ ಇರದಿದ್ದರೆ ಅವಳ ಜೀವ ನಿಲ್ಲುತ್ತಿರಲಿಲ್ಲ.

"ಅಣ್ಣ, ಒಂದ್ಸಲ ಮಲಗಿ ನೋಡ್ತೀರಾ? ತಲೆ ಎಲ್ಲಿಗೆ ಬರುತ್ತೆ ಅಂತ."

ಆರುಮುಗಂ ಸುಣ್ಣದ ಚೌಕದೊಳಗೆ ಮಲಗಿದರು. ಮೂರೆಣಿಸುವಷ್ಟರಲ್ಲಿ ಎದ್ದು ಕೂತು ಏದುಸಿರು ಬಿಟ್ಟರು. ಆಗಲೇ ಅವಳಿಗೆ ಅವರ ಊದಿದ ಕೆನ್ನೆ ಕಂಡಿದ್ದು.

"ಯುಗಾದಿಯಿಂದ ಇಂಗೇ. ಗಂಜಿಯೊಂದೇ ಇಳಿಯೋದು. ಬಂಗಾರಪೇಟೇಲಿ ತೋರ್ಸೋಕೋದೆ, ಮಲಗಿದ್ದೇ ಉಸಿರು ಸಿಕ್ಕಾಕ್ಕೊಂಡಂಗಾಯ್ತು, ಎದ್ದು ಓಡ್ಬಂದೆ." ನಕ್ಕರು. "ನಮ್ಮ ಗಣಿ ಲೈನ್ ಮನೆ ಮುದುಕ್ರೆಲ್ಲ ಗೋಡೆಗೊರಗಿ ಕೂತೇ ನಿದ್ದೆ. ಕಳ್ಳ ಬಂದ್ರೂ ಎಲ್ಲ ಎದ್ದವ್ರೆ ಅಂತ ವಾಪಸ್ ಓಗ್ತಾನೆ! ಕೂತ್ಕೊಂಡೇ ಕೀಳೋಕಾಗಲ್ವಾ?"

ಆಗುತ್ತಿತ್ತು. ಕುರ್ಚಿಯನ್ನು ನೆಟ್ಟಗೆ ಮಾಡಿ, ತಲೆಯ ಹಿಂದೆ ಕೂರುವ ಬದಲು ಬಲಕ್ಕೆ ನಿಂತು ಹಲ್ಲು ಕೀಳಬೇಕು. ನಿಲ್ಲಲು ಎರಡಡಿ ಬೇಕು. ಒಂದು ಕುರ್ಚಿಯ ಬಲಕ್ಕೆ ಸಿಂಕು. ಇನ್ನೊಂದರ ಬಲಕ್ಕೆ ತೊಟ್ಟಿಲ ಕೋಣೆ. ಚಂದನ ಮಗುವನ್ನು ಇನ್ನಷ್ಟು ಅವುಚಿಕೊಂಡಳು. "ಬಲಕ್ಕೆ ಎರಡಡಿ ಬೇಕು ಅಣ್ಣ," ಎಂದು ತೊಟ್ಟಿಲ ಕೋಣೆಯ ಜಾಗ ನೋಡಿದಳು.

"ಬ್ಯಾಡ ಬಿಡು, ಮಗು ಜಾಗ ಕಿತ್ಕೊಬಾರ್ದು," ಎಂದು ಅವರೇ ಗೋಡೆಯ ಗೆರೆ ಎಳೆದರು.

ಅವಳು ಗುಳಿಗೆ ಬರೆದಳು. ಕೋಲಾರದ ದೊಡ್ಡಾಸ್ಪತ್ರೆಗೆ ಚೀಟಿಯನ್ನೂ ಕೊಟ್ಟಳು. ಆರುಮುಗಂ ಮಡಿಸಿ ಜೇಬಿಗಿಟ್ಟರು. ಆಮೇಲೆ ಗೋಡೆ ಎದ್ದಿತು, ಟೈಲ್ಸ್ ಕೂತವು. ಚೀಟಿ ಏನಾಯಿತೆಂದು ಅವಳು ಎರಡು ಸಲ ಕೇಳಿದಳು. "ಓಗ್ತೀನಿ" ಅಂದರು. ಮೂರನೆಯ ಸಲ ಕೇಳಲಿಲ್ಲ.

ಕ್ಲಿನಿಕ್ ತೆರೆದು ಮೂರು ವಾರಕ್ಕೆ ಅವರ ಹೆಂಡತಿ ಆದಿಲಕ್ಷ್ಮಮ್ಮ ಒಬ್ಬರೇ ಬಂದರು.

"ಓಗ್ಬಿಟ್ರಮ್ಮ, ಸೋಮವಾರ. ಗೋಡೆಗೊರಗಿ ಕೂತಿದ್ರು, ನಿದ್ದೆ ಅಂದ್ಕೊಂಡೆ. ಟೀ ಆರೋಯ್ತು. ಆಮೇಲೆ ಮುಟ್ಟಿದೆ." ಸೊಂಟದ ಗಂಟಿನಿಂದ ಚೀಟಿ ತೆಗೆದರು. "ಜೇಬಲ್ಲಿತ್ತು. ನಿಮ್ದೇ ಅಲ್ವಾ?"

ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಕ್ಲಿನಿಕ್ಕಿನ ನೆಲ ಬರೆದಿತ್ತು. ಗಾಳಿಯ ಮೆಷಿನ್ನು ಹಿತ್ತಲಿಗೆ, ಅದರ ಜಾಗಕ್ಕೆ ತೊಟ್ಟಿಲು, ಅಡ್ಡಗೋಡೆ ಎರಡಡಿ ಆಚೆಗೆ. ಎಲ್ಲಕ್ಕೂ ಜಾಗ ಸಾಕಾಗಿತ್ತು.

"ಅಣ್ಣ ಇದನ್ನ ಯಾಕೆ ಹೇಳ್ಲಿಲ್ಲ?"

"ಗೋಡೆ ಕಟ್ಟಿದ್ಮೇಲೆ ಅವ್ರ ತಲೆಗೆ ಒಳೀತಂತೆ. ಒಡಿಯೋಕೇಳಿದ್ರೆ ಡಾಕ್ಟ್ರಮ್ಮ ನೊಂದ್ಕೊತಾರೆ ಅಂತ ಸುಮ್ನಾದ್ರು."

ಅವರು ಹೋದ ಮೇಲೂ ಬೆಂಚಿನ ಮೇಲೆ ಯಾರದೋ ಏದುಸಿರು ಕೇಳುತ್ತಿತ್ತು. ಲೈನ್ ಮನೆಯ ಮುದುಕರೊಬ್ಬರು ಕೆನ್ನೆ ಹಿಡಿದು ಕೂತಿದ್ದರು. ಚಂದನ ತೊಟ್ಟಿಲ ಕೋಣೆಗೆ ಹೋಗಿ, ನಿದ್ದೆ ಮಾಡುತ್ತಿದ್ದ ಮಗುವನ್ನು ಎಬ್ಬಿಸದೆ, ಗೋಡೆಯಿಂದ ಎರಡಡಿ ಅಳೆದು ಮೊಣಕಾಲೂರಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ನೂಲಿನ ಆ ತುದಿ ಹಿಡಿಯಲು ಯಾರೂ ಇರಲಿಲ್ಲ.